ಎರಡನೆಯ ಮೂಗು

ರಸ್ತೆಯ ಆಚೆ ಬದಿಯ ಗಾಜಿನ ಬಾಗಿಲನ್ನು ಬೆಳಿಗ್ಗೆ ಯಾರಾದರೂ ಒರೆಸಿದರೆ ಮೇಸ್ತ್ರಿಯ ಹೊಟ್ಟೆ ಉರಿಯುತ್ತಿತ್ತು. ಒರೆಸದೇ ಇದ್ದರೂ ಉರಿಯುತ್ತಿತ್ತು, ಯಾಕೆಂದರೆ ಆ ಬಾಗಿಲು ಒರೆಸದಿದ್ದರೂ ಹೊಳೆಯುತ್ತಿತ್ತು. ಬಾಗಿಲಿನ ಹಿಂದೆ ತಣ್ಣಗಿನ ಕೋಣೆ, ಕೋಣೆಯಲ್ಲಿ ಮೆತ್ತನೆಯ ಕುರ್ಚಿಗಳು, ಕುರ್ಚಿಗಳಲ್ಲಿ ಕಾಲು ಚಾಚಿಕೊಂಡು ತಮ್ಮ ಕಾರಿಗೆ ನಡೆಯುವ ಉಪಚಾರವನ್ನು ನೋಡುವ ಗಿರಾಕಿಗಳು. ಇದೆಲ್ಲ ಇನ್ಯಾರದ್ದೋ ಆಗಿದ್ದರೆ ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಆದರೆ ಅದು ಅವನ ಷಡ್ಡಕನದು. ಹೆಂಡತಿಯ ತಂಗಿಯನ್ನು ಮದುವೆಯಾಗಿ ಮನೆಗೆ ಚಿಕ್ಕಳಿಯನಾಗಿ ಬಂದವನು, ಪ್ರಪಂಚದಲ್ಲಿ ಇಷ್ಟೆಲ್ಲ ಕಸುಬುಗಳಿರುವಾಗ ಗೇರ್‌ಬಾಕ್ಸನ್ನೇ ಹಿಡಿದು, ಇಷ್ಟೆಲ್ಲ ರಸ್ತೆಗಳಿರುವಾಗ ಇದೇ ರಸ್ತೆಗೆ ಬಂದು ಕೂತಿದ್ದ.

ಜಾಗ ತೋರಿಸಿದ್ದು ಮಾವನೇ ಅಂತೆ. ಅಳಿಯಂದಿರಿಬ್ಬರೂ ಕಣ್ಣಳತೆಯಲ್ಲಿರಲಿ, ಒಬ್ಬರಿಗೊಬ್ಬರು ಆಗಲಿ ಎಂದು. ಆ ಸುದ್ದಿ ಹೆಂಡತಿಯ ಬಾಯಿಂದ ಬಂದ ದಿನ ಮೇಸ್ತ್ರಿಗೆ ಊಟ ಸೇರಿರಲಿಲ್ಲ.

ಅವನನ್ನು ಎಲ್ಲರೂ ಮೂಗಿನ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಹೇಗಿದೆ ಎಂದು ಅವನು ನೋಡಿ ನಿರ್ಧರಿಸುತ್ತಿರಲಿಲ್ಲ, ಮೂಸಿ ನಿರ್ಧರಿಸುತ್ತಿದ್ದ. ಆಯಿಲಿಗೂ ವಯಸ್ಸಾಗುತ್ತದೆ ನೋಡಿ. ಹೊಸದು ಮಾಣಿಕ್ಯದ ಹಾಗೆ ಕೆಂಪಗಿರುತ್ತದೆ, ಅದರ ವಾಸನೆಯಲ್ಲಿ ಒಂದು ಸಣ್ಣ ಸಿಹಿ ಇರುತ್ತದೆ. ಓಡಿದಂತೆಲ್ಲ ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ, ಒಳಗಿನ ಕ್ಲಚ್ಚುಗಳು ಸವೆದ ಪುಡಿಯನ್ನು ನುಂಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಕಂದಾದ ಮಾತ್ರಕ್ಕೆ ಕೆಟ್ಟಿತು ಎಂದಲ್ಲ. ಕೆಲವು ಆಯಿಲ್ ಬೇಗ ಬಣ್ಣಗೆಟ್ಟರೂ ವರ್ಷಗಟ್ಟಲೆ ದುಡಿಯುತ್ತದೆ. ಆದರೆ ಒಮ್ಮೆ ಸುಟ್ಟಿತೋ, ಬ್ರೆಡ್ಡು ಕರಕಲಾದ ವಾಸನೆ ಬರುತ್ತದೆ. ಆ ವಾಸನೆ ಬಂದ ಮೇಲೆ ತಡಮಾಡಿದರೆ ಗೇರ್‌ಬಾಕ್ಸು ಏರಿನಲ್ಲಿ ಕೈಕೊಡುತ್ತದೆ. ಇಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ.

ಇದನ್ನೆಲ್ಲ ಅವನಿಗೆ ಕಲಿಸಿದವನು ಮಾವ. ಮಾವ ಆಗುವುದಕ್ಕೂ ಮುಂಚೆ ಅವನು ಗುರು. ಈಗ ಮೇಸ್ತ್ರಿ ಕೂರುತ್ತಿದ್ದ ಈ ಶೆಡ್ಡು, ಈ ಎಣ್ಣೆ ಕುಡಿದ ಬೆಂಚು, ಗೋಡೆಯಲ್ಲಿ ಸಾಲಾಗಿ ನೇತುಹಾಕಿದ ಪಾನಾಗಳು ಎಲ್ಲವೂ ಒಂದು ಕಾಲಕ್ಕೆ ಮಾವನವೇ. ಬಿಳಿ ಬಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು, ಅದು ಹರಡುವ ತನಕ ಕಾದು, ಕಣ್ಣು ಮುಚ್ಚಿಕೊಂಡು ಮೂಸಬೇಕು. "ಕಣ್ಣು ತೆರೆದಿದ್ರೆ ಬಣ್ಣ ನಿನ್ನ ಕಿವಿ ಊದುತ್ತೆ," ಎನ್ನುತ್ತಿದ್ದ ಮಾವ. ಮೇಸ್ತ್ರಿ ಮೂಸಿ ಹೇಳಿದ್ದನ್ನು ಮಾವ ತಾನೂ ಮೂಸಿ ನೋಡಿ, ಸರಿ ಎನಿಸಿದರೆ ತಲೆಯಾಡಿಸಿ, ಬಟ್ಟೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬಾಯಲ್ಲಿ ಹೊಗಳುವ ಮನುಷ್ಯನಲ್ಲ. ಆ ತಲೆಯಾಡಿಸುವುದೊಂದಕ್ಕಾಗಿ ಮೇಸ್ತ್ರಿ ಬೇಕಾದರೆ ಊಟ ಬಿಡುತ್ತಿದ್ದ.

ಅಂಥ ಮಾವ ಕಳೆದ ಚಳಿಗಾಲದಲ್ಲಿ ಜ್ವರ ಬಂದು ಮಲಗಿ ಎದ್ದ ಮೇಲೆ ಶೆಡ್ಡಿನ ಕಡೆ ತಲೆ ಹಾಕಿರಲಿಲ್ಲ. ಕಾರನ್ನೂ ತಂದಿರಲಿಲ್ಲ. ಮೇಸ್ತ್ರಿ ತನ್ನಷ್ಟಕ್ಕೆ ಲೆಕ್ಕ ಹಾಕಿ ತೀರ್ಮಾನಕ್ಕೆ ಬಂದಿದ್ದ: ಮಾವನಿಗೆ ಇಸ್ತ್ರಿಯ ರುಚಿ ಹತ್ತಿದೆ.

ಇಸ್ತ್ರಿ ಎಂದರೆ ಷಡ್ಡಕ. ಮಡಿಕೆ ಕೆಡದ ನೀಲಿ ಸಮವಸ್ತ್ರ ಹಾಕಿಕೊಂಡು ಗೇರ್‌ಬಾಕ್ಸ್ ಬಿಚ್ಚುವವನಿಗೆ ಮೇಸ್ತ್ರಿ ಮನಸ್ಸಿನಲ್ಲೇ ಇಟ್ಟ ಹೆಸರು. ಮನಸ್ಸಿನಲ್ಲಿ ಇಟ್ಟಿದ್ದು ಒಂದು ದಿನ ಹೆಂಡತಿಯ ಮುಂದೆ ಬಾಯಿಗೆ ಬಂದಿತ್ತು, ಅವಳು ನಕ್ಕು ಆಮೇಲೆ ಗದರಿದ್ದಳು. ಇಸ್ತ್ರಿಯ ಹತ್ತಿರ ಒಂದು ಯಂತ್ರವಿತ್ತು. ಅದಕ್ಕೆ ಎರಡು ಗಾಜಿನ ಕೊಳವೆ. ಒಂದರಲ್ಲಿ ಹಳೆಯ ಆಯಿಲ್ ಕಪ್ಪಗೆ ಹೊರಗೆ ಹೋಗುತ್ತದೆ, ಇನ್ನೊಂದರಲ್ಲಿ ಹೊಸದು ಕೆಂಪಗೆ ಒಳಗೆ ಬರುತ್ತದೆ. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮೇಸ್ತ್ರಿ ರಸ್ತೆಯ ಈಚೆಯಿಂದ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ, ನೋಡುತ್ತಿಲ್ಲ ಎಂದು ಪಾನಾ ಒರೆಸುತ್ತಿದ್ದ. ಆ ದಿನಗಳಲ್ಲಿ ಅವನ ಶೆಡ್ಡಿನ ಪಾನಾಗಳು ಹೊಳೆದಷ್ಟು ಎಂದೂ ಹೊಳೆದಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮಾವ ನಡೆದುಕೊಂಡೇ ಬಂದ. ಬಂದದ್ದು ಆಚೆ ಬದಿಯಿಂದ. ಕೈಯಲ್ಲೊಂದು ಪುಟ್ಟ ಬಾಟಲಿ, ಅದರ ಮೇಲೆ ಇಸ್ತ್ರಿಯ ಅಂಗಡಿಯ ಬಣ್ಣದ ಚೀಟಿ.

"ನಮ್ಮ ಗಾಡಿದು," ಎಂದ ಮಾವ, ಬೆಂಚಿನ ಮೇಲೆ ಕೂರುತ್ತ. "ಅಂಗಡಿ ನೋಡೋಕೆ ಅಂತ ಗಾಡೀಲಿ ಹೋಗಿದ್ದೆ, ಅವನು ಒಂಚೂರು ತೆಗೆದು ಕೊಟ್ಟ. ಸುಟ್ಟಿದೆ, ಬದಲಾಯಿಸಲೇಬೇಕು ಅಂತಾನೆ. ಬರೋ ವಾರ ನಿಮ್ಮತ್ತೆನ ಕರ್ಕೊಂಡು ಬೆಟ್ಟದ ಆಚೆ ಹೋಗಬೇಕು, ಅವಳ ತಂಗಿ ಕಾಲು ಮುರ್ಕೊಂಡು ಮಲಗಿದಾಳೆ. ನೀನೊಂದು ಸಲ ನೋಡು."

ಮೇಸ್ತ್ರಿಯ ಕಣ್ಣಿಗೆ ಆ ಬಣ್ಣದ ಚೀಟಿ ಬಿಟ್ಟು ಬೇರೇನೂ ಕಾಣಲಿಲ್ಲ. ಮೊದಲು ಅಲ್ಲಿಗೆ ಹೋಗಿ ಆಮೇಲೆ ಇಲ್ಲಿಗೆ. ಮೊದಲು ಅವನು, ಆಮೇಲೆ ನಾನು. ಮೇಸ್ತ್ರಿ ಬಿಳಿ ಬಟ್ಟೆ ಹಾಸಿ ತೊಟ್ಟು ಬಿಟ್ಟ, ಕಾದ, ಕಣ್ಣು ಮುಚ್ಚಿ ಮೂಸಿದ. ಕರಕಲು. ಅನುಮಾನಕ್ಕೆ ಜಾಗವೇ ಇರಲಿಲ್ಲ, ಮೂಗಿಗೆ ರಪ್ಪೆಂದು ಹೊಡೆಯಿತು. ತೊಟ್ಟಿನ ನಡುವೆ ಕಪ್ಪು ಮಸಿ ನಿಂತು ಸುತ್ತ ಮಾತ್ರ ತೆಳ್ಳಗೆ ಹರಡಿತ್ತು. ಇಸ್ತ್ರಿ ಹೇಳಿದ್ದು ಅಕ್ಷರಶಃ ಸರಿ.

"ಏನೂ ಆಗಿಲ್ಲ ಮಾವ," ಎಂದ ಮೇಸ್ತ್ರಿ. "ಬಣ್ಣ ತಿರುಗಿದೆ ಅಷ್ಟೆ. ಆರಾಮಾಗಿ ಹೋಗಿ ಬನ್ನಿ."

"ಸುಟ್ಟ ವಾಸನೆ ಇಲ್ವಾ?"

"ಇಲ್ಲ. ಬದಲಾಯಿಸಿ ಅಂತ ಹೇಳೋದು ಅವರ ವ್ಯಾಪಾರ."

ಹೇಳಿದ ಮೇಲೆ ಮೇಸ್ತ್ರಿ ಬೆಂಚಿನ ಮೇಲಿನ ಬಟ್ಟೆಯನ್ನೇ ನೋಡಿದ. ಈಗ ಮಾವ ಬಟ್ಟೆ ತೆಗೆದುಕೊಂಡು ತಾನೂ ಮೂಸುತ್ತಾನೆ, ಸಿಕ್ಕಿಬಿದ್ದೆ ಎಂದುಕೊಂಡ. ಮಾವ ಬಟ್ಟೆಯನ್ನು ತೆಗೆದುಕೊಂಡ. ಮೂಗಿನ ಹತ್ತಿರ ತರಲಿಲ್ಲ. ತಲೆಯಾಡಿಸಿ, ನಾಲ್ಕು ಮಡಿಕೆ ಮಾಡಿ, ಜೇಬಿಗೆ ಹಾಕಿಕೊಂಡು ಎದ್ದ.

ಆ ಸಂಜೆಯೆಲ್ಲ ಮೇಸ್ತ್ರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾವ ಮೂಸಿ ಕೂಡ ನೋಡಲಿಲ್ಲ! ಇಷ್ಟು ವರ್ಷಗಳಲ್ಲಿ ಮೊದಲ ಸಲ, ತನ್ನ ಮಾತಿನ ಮೇಲೆ ಮಾತಿಲ್ಲದೆ ಎದ್ದುಹೋದ. ಗಾಜಿನ ಬಾಗಿಲು, ತಣ್ಣಗಿನ ಕೋಣೆ, ಎರಡು ಕೊಳವೆಯ ಯಂತ್ರ ಎಲ್ಲ ಒಂದು ಕಡೆ, ತನ್ನ ಮೂಗು ಒಂದು ಕಡೆ. ಊಟದ ಹೊತ್ತಿನಲ್ಲಿ ಅವನು ತಾನಾಗೇ ಮಾತಾಡಿದ್ದು ಕಂಡು ಹೆಂಡತಿ ಹಣೆ ಮುಟ್ಟಿ ನೋಡಿದಳು.

"ಏನ್ರೀ, ಇವತ್ತು ಎದುರಂಗಡಿಗೆ ಗಿರಾಕಿ ಬರಲಿಲ್ವಾ?" ಎಂದು ಕೇಳಿದಳು. ಅವನ ಹೊಟ್ಟೆಕಿಚ್ಚಿನ ಉರಿ ಎಷ್ಟು ಎತ್ತರ ಹೋಗುತ್ತದೆ ಎಂಬುದು ಅವಳಿಗೆ ತಿಳಿದಷ್ಟು ಅವನಿಗೂ ತಿಳಿದಿರಲಿಲ್ಲ.

ಮಲಗಿದ ಮೇಲೆ ಬೆಟ್ಟದ ರಸ್ತೆ ನೆನಪಾಯಿತು. ಅದರ ಏರು, ಅದರ ತಿರುವು. ಏನಾಗುತ್ತೆ, ಎಷ್ಟೋ ಗಾಡಿಗಳು ಸುಟ್ಟ ಆಯಿಲಿನಲ್ಲೂ ಓಡ್ತವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮಗ್ಗುಲು ಬದಲಿಸಿದ. ಅಷ್ಟು ಸುಲಭಕ್ಕೆ ಆಗುವ ಸಮಾಧಾನ ಅದಾಗಿರಲಿಲ್ಲ.

ಮರುದಿನ ಇಸ್ತ್ರಿ ರಸ್ತೆ ದಾಟಿ ಬಂದ. ಶೆಡ್ಡಿಗೆ ಅವನು ಬರುವುದೇ ಅಪರೂಪ, ಬಂದರೂ ಬಾಗಿಲಲ್ಲೇ ನಿಲ್ಲುತ್ತಿದ್ದ. ಇವತ್ತು ಒಳಗೆ ಬಂದು ಎಣ್ಣೆ ಬೆಂಚಿನ ಮೇಲೆ ಇಸ್ತ್ರಿ ಬಟ್ಟೆಯಲ್ಲೇ ಕೂತುಬಿಟ್ಟ.

"ಅಣ್ಣ, ಒಂದು ಕೇಳಬೇಕಿತ್ತು. ಮಾವನ ಗಾಡಿ ಆಯಿಲ್ ನನಗೆ ಸುಟ್ಟಿದೆ ಅನ್ನಿಸ್ತು. ನೀವು ಸುಟ್ಟಿಲ್ಲ ಅಂದ್ರಂತೆ."

"ಹೂಂ."

"ದೊಡ್ಡೋನು ಮೂಸಿ ಆದ ಮೇಲೆ ಮುಗೀತು, ನೀನು ಗಾಡಿ ಮುಟ್ಟಬೇಡ ಅಂದ್ರು ಮಾವ. ನಾನು ಬಾಟಲಿ ಕೊಡುವಾಗಲೂ ಹಾಗೇ ಅಂದಿದ್ರು, ಅವನು ಮೂಸದೆ ನಮ್ಮ ಗಾಡಿಗೆ ಪಾನಾ ಹಾಕಿಸಲ್ಲ ಅಂತ." ಅವನು ಜೇಬಿನಿಂದ ಇನ್ನೊಂದು ಪುಟ್ಟ ಬಾಟಲಿ ತೆಗೆದ. "ಅದರಲ್ಲೇ ಸ್ವಲ್ಪ ಉಳಿಸ್ಕೊಂಡಿದ್ದೆ. ರಾತ್ರಿಯೆಲ್ಲ ಮೂಸಿದೆ ಅಣ್ಣ. ನನಗೆ ಸೀದ ವಾಸನೆನೇ ಬರ್ತಾ ಇದೆ. ನನ್ನ ಮೂಗೇ ಸರಿ ಇಲ್ಲ ಅನ್ಸುತ್ತೆ. ಎಲ್ಲಿ ತಪ್ಪಿದೆ ಅಂತ ಒಂದು ಸಲ ಹೇಳಿಕೊಡಿ."

ಅಂತೂ ಮೇಸ್ತ್ರಿ ಗೆದ್ದಿದ್ದ. ಗೆಲ್ಲುವುದಕ್ಕೂ ಮುಂಚೆಯೇ ಗೆದ್ದಿದ್ದ, ಮಾವ ಮೊದಲಿನಿಂದಲೂ ಅವನನ್ನೇ ಕೇಳುವವನಿದ್ದ. ಆದರೂ ಅವನ ಹೊಟ್ಟೆ ತಣ್ಣಗಾಗಲಿಲ್ಲ, ಇನ್ನಷ್ಟು ಉರಿಯಿತು. ಯಂತ್ರ ಯಾರು ಬೇಕಾದರೂ ಕೊಳ್ಳಬಹುದು. ಗಾಜು ಯಾರು ಬೇಕಾದರೂ ಹಾಕಿಸಬಹುದು. ಈ ಹುಡುಗನಿಗೆ ಮೂಗೂ ಇದೆಯಲ್ಲ! ತನಗೆ ಬರಲು ಎಷ್ಟು ವರ್ಷ ಹಿಡಿದಿತ್ತೋ ಅದು ಇವನಿಗೆ ಆಗಲೇ ಬಂದಿದೆ, ಬಂದಿದ್ದೂ ಇವನಿಗೆ ಗೊತ್ತಿಲ್ಲ. ಎದುರಿಗೆ ಕೂತು, ಸರಿಯಾದದ್ದನ್ನು ತಪ್ಪೆಂದು ಒಪ್ಪಿಕೊಂಡು, ತಪ್ಪನ್ನು ಕಲಿಸಿ ಎಂದು ಕೇಳುತ್ತಿದ್ದಾನೆ.

"ಕಣ್ಣು ಮುಚ್ಕೊಂಡು ಮೂಸ್ತೀಯಾ, ತೆರೆದುಕೊಂಡಾ?" ಎಂದು ಕೇಳಿದ ಮೇಸ್ತ್ರಿ. ಬೇರೇನು ಹೇಳಬೇಕೋ ತೋಚಲಿಲ್ಲ.

"ತೆರೆದುಕೊಂಡು."

"ಮುಚ್ಕೊಂಡು ಮೂಸು."

ಇಸ್ತ್ರಿ ಕಣ್ಣು ಮುಚ್ಚಿ ಬಾಟಲಿಯನ್ನು ಮೂಗಿಗೆ ಹಿಡಿದ. ತುಂಬ ಹೊತ್ತು ಹಿಡಿದುಕೊಂಡಿದ್ದ. ಕಣ್ಣು ತೆರೆದಾಗ ಮುಖ ಹುಳ್ಳಗಾಗಿತ್ತು. "ಈಗ ಇನ್ನೂ ಜಾಸ್ತಿ ಬರ್ತಿದೆ ಅಣ್ಣ," ಎಂದ, ತನ್ನದೇ ದೊಡ್ಡ ತಪ್ಪು ಎನ್ನುವಂತೆ.

"ಕೆಲಸ ಇದೆ, ಆಮೇಲೆ ಬಾ," ಎಂದು ಮೇಸ್ತ್ರಿ ಗಾಡಿಯೊಂದರ ಕೆಳಗೆ ತೂರಿಕೊಂಡ. ಅಲ್ಲಿ ಕೆಲಸವೇನೂ ಇರಲಿಲ್ಲ. ಇಸ್ತ್ರಿಯ ಬೂಟುಗಳು ರಸ್ತೆ ದಾಟುವ ತನಕ ಅಲ್ಲೇ ಮಲಗಿದ್ದ.

ಮಲಗಿದ್ದಲ್ಲೇ ಒಂದು ಉಪಾಯ ಹೊಳೆಯಿತು. ಹೊಟ್ಟೆಕಿಚ್ಚಿನವನ ತಲೆ ಇಂಥದ್ದರಲ್ಲಿ ಬಲು ಚುರುಕು. ಮಾವನ ಮನೆಗೆ ಹೋಗುವುದು, ದೂರ ಹೋಗ್ತಿದ್ದೀರಲ್ಲ, ಎದೆ ತಡೀಲಿಲ್ಲ, ನಾನೇ ಆಯಿಲ್ ಬದಲಾಯಿಸಿ ಕೊಡ್ತೀನಿ ಎನ್ನುವುದು. ಗಾಡಿಯೂ ಉಳಿಯುತ್ತದೆ, ಸುಳ್ಳೂ ಮುಚ್ಚಿಹೋಗುತ್ತದೆ, ಮೇಲಿಂದ ದೊಡ್ಡಳಿಯನಿಗೆ ನಮ್ಮ ಮೇಲೆ ಎಷ್ಟು ಕಾಳಜಿ ಎಂಬ ಹೆಸರು. ಇಸ್ತ್ರಿಯ ಮೂಗು ತಪ್ಪಾಗಿಯೇ ಉಳಿಯಲಿ. ಅವನಿಗೇನು, ಯಂತ್ರವಿದೆ.

ಸಂಜೆ ಮಾವನ ಮನೆಯ ಮೆಟ್ಟಿಲು ಹತ್ತುವಾಗಲೇ ವಾಸನೆ ಬಡಿಯಿತು. ಕರಕಲು. ಮೊದಲು ಅವನಿಗೆ ತನ್ನ ಕೈಯದೇ ಎನಿಸಿ ಕೈ ಮೂಸಿಕೊಂಡ. ಅಲ್ಲ, ಒಳಗಿನಿಂದ ಬರುತ್ತಿತ್ತು. ಬಾಗಿಲು ತೆರೆದೇ ಇತ್ತು. ಅಡುಗೆಮನೆಗೆ ಓಡಿದ. ಒಲೆಯ ಮೇಲೆ ಹಾಲಿನ ಪಾತ್ರೆ, ಹಾಲು ಉಕ್ಕಿ ಸುರಿದು ಒಣಗಿ ಕಪ್ಪಾಗಿತ್ತು, ತಳ ಹೊಗೆಯಾಡುತ್ತಿತ್ತು. ಒಲೆಯಿಂದ ಒಂದು ಮಾರು ದೂರದಲ್ಲಿ, ಊಟದ ಮೇಜಿನ ಹತ್ತಿರ, ಒಲೆಗೆ ಬೆನ್ನು ಹಾಕಿ ಕೂತ ಮಾವ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿದ್ದ. ಗಿರಾಕಿಯ ಗಾಡಿ ಶೆಡ್ಡಿಗೆ ತಿರುಗುವಾಗಲೇ ಅದರ ಆಯಿಲಿನ ವಾಸನೆ ಹಿಡಿಯುತ್ತಿದ್ದ ಮನುಷ್ಯ ಪುಟ ತಿರುಗಿಸಿದ.

ಮೇಸ್ತ್ರಿ ಒಲೆ ಆರಿಸಿದ ಸದ್ದಿಗೆ ಮಾವ ತಿರುಗಿ ನೋಡಿದ. ಪಾತ್ರೆ ನೋಡಿದ. ಅಳಿಯನ ಮುಖ ನೋಡಿದ. ಪೇಪರ್ ಮಡಚಿ ಮೇಜಿನ ಮೇಲಿಟ್ಟ.

"ನಿಮ್ಮತ್ತೆ ನೋಡ್ಕೊಳ್ಳಿ ಅಂತ ಹೇಳಿ ಹೋಗಿದ್ಲು, ಪಕ್ಕದ ಮನೆಗೆ," ಎಂದ. ಕನ್ನಡಕ ತೆಗೆದು, "ಜ್ವರ ಬಂದು ಹೋದ ಮೇಲೆ ಮೂಗಿಗೆ ಏನೂ ಗೊತ್ತಾಗಲ್ಲ. ಸಾಬೂನೂ ಅಷ್ಟೆ, ಪೆಟ್ರೋಲೂ ಅಷ್ಟೆ. ಅವಳೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಶೆಡ್ಡಿಗೆ ಬಂದ್ರೆ ಮೂಸಿ ಅಂತ ಯಾರಾದರೂ ಬಟ್ಟೆ ಹಿಡೀತಾರೆ ಅಂತ ಬರೋದೇ ಬಿಟ್ಟೆ."

ಮೇಸ್ತ್ರಿ ಸುಟ್ಟ ಪಾತ್ರೆಯನ್ನು ಹಿಡಿದುಕೊಂಡೇ ನಿಂತಿದ್ದ. ಮಾವ ನಕ್ಕ.

"ನನ್ನದು ಹೋದ್ರೆ ಹೋಯ್ತು, ನಿನ್ನದು ಇದೆಯಲ್ಲ ಅಂತ ಧೈರ್ಯ. ಅದೂ ನಾನೇ ಕಲಿಸಿದ ಮೂಗು. ಎರಡು ಯಾಕೆ ಬೇಕು?"

ಉಪಾಯ ಬಾಯಿಯ ತನಕ ಬಂದು ಅಲ್ಲೇ ಸತ್ತಿತು. ಮಾವ ಬಟ್ಟೆ ಮೂಸದೆ ಮಡಚಿದ್ದು ಮೆಚ್ಚುಗೆಯಿಂದಲ್ಲ, ಬೇರೆ ದಾರಿಯಿಲ್ಲದೆ. ಕಣ್ಣಿಲ್ಲದವನ ಕೈ ಹಿಡಿದು ಹಳ್ಳಕ್ಕೆ ನಡೆಸಿದ ಹಾಗಾಯಿತಲ್ಲ ಎಂದು ಮೇಸ್ತ್ರಿಗೆ ಅನಿಸಿತು.

"ಮಾವ, ನಾನು ಸುಳ್ಳು ಹೇಳಿದೆ."

"ಯಾವುದರಲ್ಲಿ?"

"ಆಯಿಲ್ ವಿಷಯದಲ್ಲಿ. ಸುಟ್ಟಿತ್ತು."

"ಎಷ್ಟು?" ಎಂದು ಕೇಳಿದ ಮಾವನೊಳಗಿನ ಹಳೆಯ ಗುರು, ಎಲ್ಲಕ್ಕಿಂತ ಮುಂಚೆ.

"ಚೆನ್ನಾಗೇ. ಬೆಟ್ಟ ಹತ್ತೋ ಆಯಿಲ್ ಅಲ್ಲ."

"ಮತ್ಯಾಕೆ ಹಾಗಂದೆ?"

ಮೇಸ್ತ್ರಿ ಏನೇನೋ ಹೇಳಬಹುದಿತ್ತು. ಆ ದಿನ ನೆಗಡಿಯಿತ್ತು ಎನ್ನಬಹುದಿತ್ತು. "ಅವನು ಸುಟ್ಟಿದೆ ಅಂದಿದ್ದ," ಎಂದ. "ಅದಕ್ಕೆ."

ಅಷ್ಟು ಹೊತ್ತಿಗೆ ಹೊರಗೆ ಅತ್ತೆಯ ಚಪ್ಪಲಿಯ ಸದ್ದು ಕೇಳಿಸಿತು. ಹಾಲು ಏನಾಯ್ತು, ಮನೆಯೆಲ್ಲ ಹೊಗೆ ಎಂದು ಬೈದುಕೊಂಡು ಬರುತ್ತಿದ್ದಳು. ಮಾವ ಆ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ: "ಪಕ್ಕದ ಸೀಟಲ್ಲಿ ಅವಳು ಕೂತಿರ್ತಿದ್ಲಲ್ಲೋ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಸ್ತ್ರಿ ತಲೆ ತಗ್ಗಿಸಿಕೊಂಡು ಸೀದ ಪಾತ್ರೆಯನ್ನು ಉಜ್ಜತೊಡಗಿದ. ಅಳಿಯ ಪಾತ್ರೆ ಉಜ್ಜುವುದನ್ನು ಕಂಡು ಅತ್ತೆ ಬೈಯುವುದನ್ನೇ ಮರೆತಳು.

ಬೆಟ್ಟದ ಪ್ರಯಾಣ ಸ್ವಲ್ಪ ಮುಂದಕ್ಕೆ ಹೋಯಿತು. ಮರುದಿನ ಗಾಡಿ ಶೆಡ್ಡಿಗೆ ಬಂತು, ಅದರ ಹಿಂದೆ ಮಾವ, ಮಾವನ ಹಿಂದೆ ಇಸ್ತ್ರಿ. ಮಾವನೇ ಕರೆದಿದ್ದ. ಏನು, ಯಾಕೆ ಎಂದು ಅವನಿಗೆ ಏನೂ ಹೇಳಿದಂತಿರಲಿಲ್ಲ. ಹೇಳುವ ಕೆಲಸ ಯಾರದು ಎಂಬುದು ಮೇಸ್ತ್ರಿಗೆ ಗೊತ್ತಾಯಿತು.

"ನಿನ್ನ ಮೂಗು ಸರಿಯಾಗೇ ಇದೆ," ಎಂದ, ಇಸ್ತ್ರಿಯ ಕಡೆ ನೋಡದೆ, ಬೋಲ್ಟು ಸಡಿಲಿಸುತ್ತ. "ಸುಟ್ಟಿರೋದೇ. ನಾನು ತಪ್ಪು ಹೇಳಿದ್ದೆ."

"ನಿಮಗೂ ತಪ್ಪುತ್ತಾ ಅಣ್ಣ?" ಎಂದ ಇಸ್ತ್ರಿ, ಅಚ್ಚರಿಯಿಂದ. ಅದರಲ್ಲಿ ಕೊಂಕು ಇದ್ದಿದ್ದರೆ ಮೇಸ್ತ್ರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಇರಲಿಲ್ಲ. ಇಸ್ತ್ರಿಯ ಮುಖ ಹೊಟ್ಟೆ ತುಂಬಿದ ಮಗುವಿನ ಮುಖದ ಹಾಗೆ ಅರಳಿತು, ಅದನ್ನು ನೋಡಿ ಮೇಸ್ತ್ರಿಗೆ ಮತ್ತೆ ಒಂದು ಚುರುಕು ಮುಟ್ಟಿತು. ಹೊಟ್ಟೆಕಿಚ್ಚು ತಪ್ಪೊಪ್ಪಿಕೊಂಡ ಮಾತ್ರಕ್ಕೆ ಹೋಗುವಂಥದ್ದಲ್ಲ.

ಯಂತ್ರ ತರಲಾ ಎಂದು ಇಸ್ತ್ರಿ ಕೇಳಿದ. ಬೇಡ ಎಂದ ಮೇಸ್ತ್ರಿ. ಇಷ್ಟು ಸುಟ್ಟ ಮೇಲೆ ಒಳಗಿನದ್ದನ್ನೆಲ್ಲ ಒಂದೇ ಸಲ ತೊಳೆದು ತೆಗೆದರೆ ಸವೆದ ಕ್ಲಚ್ಚುಗಳು ಹಿಡಿತ ಬಿಟ್ಟರೂ ಬಿಟ್ಟಾವು. ಸ್ವಲ್ಪ ಇಳಿಸಿ, ಹೊಸದು ತುಂಬಿ, ಓಡಿಸಿ, ಮತ್ತೆ ಇಳಿಸಬೇಕು. ಇದನ್ನು ಇಸ್ತ್ರಿಗೆ ಹೇಳಿಕೊಡುವಾಗ ಮಾವ ಬೆಂಚಿನ ಮೇಲಿಂದ ಕೇಳಿಸಿಕೊಂಡ, ಅಡ್ಡ ಬಾಯಿ ಹಾಕಲಿಲ್ಲ. ಕೆಳಗಿನ ತಟ್ಟೆ ಬಿಚ್ಚಿದಾಗ ಆಯಿಲ್ ಕಪ್ಪು ಕಷಾಯದಂತೆ ಸುರಿಯಿತು. ತಟ್ಟೆಯ ಅಯಸ್ಕಾಂತಕ್ಕೆ ಬೂದಿಯಂಥ ನುಣ್ಣನೆಯ ಮಡ್ಡಿ ಅಂಟಿತ್ತು, ಲೋಹದ ಚೂರು ಒಂದೂ ಇರಲಿಲ್ಲ. ಗೇರ್‌ಬಾಕ್ಸು ಬದುಕಿದೆ ಎಂದು ಅಳಿಯಂದಿರಿಬ್ಬರೂ ಒಟ್ಟಿಗೇ ಉಸಿರು ಬಿಟ್ಟರು. ಫಿಲ್ಟರ್ ಬದಲಾಯಿಸಿದರು, ಗಾಡಿಯ ಪುಸ್ತಕದಲ್ಲಿ ಬರೆದ ಜಾತಿಯ ಆಯಿಲನ್ನೇ ತುಂಬಿದರು, ಓಡಿಸಿಕೊಂಡು ಬಂದರು, ಮತ್ತೊಮ್ಮೆ ಇಳಿಸಿ ತುಂಬಿದರು. ಇಸ್ತ್ರಿಯ ನೀಲಿ ಬಟ್ಟೆ ಮೊಣಕೈ ತನಕ ಕಪ್ಪಾಗಿತ್ತು.

ಕೊನೆಗೆ ಇಂಜಿನ್ ಬಿಸಿಯಿರುವಾಗಲೇ ಮೇಸ್ತ್ರಿ ಆಯಿಲ್ ಮಟ್ಟ ಅಳೆಯುವ ಕಡ್ಡಿ ಎಳೆದ. ಮಾವ ಜೇಬಿನಿಂದ ಒಗೆದ ಬಿಳಿ ಬಟ್ಟೆ ತೆಗೆದು ತನ್ನ ಅಂಗೈ ಮೇಲೆ ಹಾಸಿ ಹಿಡಿದ. ತೊಟ್ಟು ಬಿತ್ತು, ಕೆಂಪಗೆ ಹರಡಿತು. ಮೇಸ್ತ್ರಿ ಕಣ್ಣು ಮುಚ್ಚಿದ. ಇಷ್ಟು ಎಚ್ಚರದಿಂದ ಅವನು ಮೊದಲ ಸಲ ಬಟ್ಟೆ ಹಿಡಿದ ದಿನವೂ ಮೂಸಿರಲಿಲ್ಲ.

"ಚೆನ್ನಾಗಿದೆ ಮಾವ. ಹಳೇದರ ವಾಸನೆ ಒಂಚೂರು ಉಳಿದಿದೆ. ಬೆಟ್ಟ ಹತ್ತಬಹುದು. ಹೋಗಿ ಬಂದ ಮೇಲೆ ಇನ್ನೊಂದು ಸಲ ಇಳಿಸಬೇಕು."

ಒಂದೊಂದು ಮಾತೂ ನಿಜ. ಅವನು ಮಾವನ ತಲೆ ಆಡುವುದನ್ನು ಕಾದ. ಮಾವ ತಲೆಯಾಡಿಸಲಿಲ್ಲ. ಬಟ್ಟೆಯನ್ನು ಮಡಚಲೂ ಇಲ್ಲ. ಅಂಗೈಯನ್ನು ಹಾಗೇ ಪಕ್ಕಕ್ಕೆ ತಿರುಗಿಸಿ ಇಸ್ತ್ರಿಯ ಮುಂದೆ ಹಿಡಿದ.

"ಅಣ್ಣ ಹೇಳಿದ ಮೇಲೆ ನಾನೇನು ಹೇಳೋದು ಮಾವ?" ಎಂದ ಇಸ್ತ್ರಿ.

"ಅವನು ಹೇಳಿದ. ನೀನೂ ಹೇಳು. ಇನ್ಮೇಲೆ ಇಬ್ಬರನ್ನೂ ಕೇಳ್ತೀನಿ."

ಇಸ್ತ್ರಿ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಮೂಸು ಎಂದು ಕಣ್ಣಲ್ಲೇ ಹೇಳಿದ, ಹೇಳುವುದು ಎಷ್ಟು ಕಷ್ಟ ಎಂಬುದು ಅವನಿಗೆ ಮಾತ್ರ ಗೊತ್ತು. ಇಸ್ತ್ರಿ ಕಣ್ಣು ಮುಚ್ಚಿದ. ಬಿಸಿ ಇಂಜಿನ್ ಟಿಕ್ ಟಿಕ್ ಎನ್ನುತ್ತ ತಣ್ಣಗಾಗುತ್ತಿತ್ತು. ಮೇಸ್ತ್ರಿ ಕೈಯಲ್ಲಿ ಆಯಿಲ್ ಕಡ್ಡಿ ಹಿಡಿದುಕೊಂಡು ನಿಂತಿದ್ದ.

"ಅಣ್ಣ ಹೇಳಿದ್ದೇ ಸರಿ," ಎಂದ ಇಸ್ತ್ರಿ. "ಒಂಚೂರು ಉಳಿದಿದೆ. ಹೋಗಿ ಬರಬಹುದು."

ಆಗ ಮಾವ ತಲೆಯಾಡಿಸಿದ. ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.